ಗಣಕದಿಂದ ಯಂತ್ರಕ್ಕೆ: ಒಂದೇ ತಂತಿಯ ಹಾದಿ



ವಿಜಯಪುರದ ಒಂದು ಚಿಕ್ಕ ಯಂತ್ರಶಾಲೆಯಲ್ಲಿ ಚಿತ್ರಿಸಿದ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಬಬಲೇಶ್ವರದ ಡಿಪ್ಲೊಮಾ ವಿದ್ಯಾರ್ಥಿಯೊಬ್ಬರದು ನನ್ನ ಮೇಜಿನ ಮೇಲೆಯೇ ಉಳಿದುಕೊಂಡಿದೆ. ಅವರು ಕೇಳಿರುವುದು ಇಷ್ಟೇ: "ನನ್ನ ಮೊಬೈಲಿಗೆ ಇಡೀ ಸಿನಿಮಾ ಐದು ನಿಮಿಷದಲ್ಲಿ ಇಳಿಯುತ್ತದೆ. ನೀವು ತೋರಿಸಿದ ಸಿ.ಎನ್.ಸಿ. ಯಂತ್ರಕ್ಕೆ ಒಂದು ಫೋಟೋದಷ್ಟೂ ದೊಡ್ಡದಲ್ಲದ ಕಡತ ಕಳಿಸಲು ಅರ್ಧ ಗಂಟೆ ಏಕೆ ಬೇಕಾಯಿತು? ಲಕ್ಷಗಟ್ಟಲೆ ಹಣ ಕೊಟ್ಟ ಯಂತ್ರ ಇಷ್ಟು ನಿಧಾನವೇ?"

ಪ್ರಶ್ನೆ ನ್ಯಾಯವಾದದ್ದು. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಇದಕ್ಕೆ ಉತ್ತರ ಹೇಳಲು ಆಗಿರಲಿಲ್ಲ. ಇದಲ್ಲದೆ ಆ ದಿನ ನಾವು ಅಲ್ಲಿ ಮಾಡಿದ ಒಂದು ತಪ್ಪನ್ನೂ ಪರದೆಯ ಮೇಲೆ ತೋರಿಸಲಿಲ್ಲ. ಎರಡನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಕಡತದೊಳಗೆ ಏನಿರುತ್ತದೆ ಎಂಬುದನ್ನು ನೋಡೋಣ. ಸಿ.ಎನ್.ಸಿ. ಯಂತ್ರಕ್ಕೆ ಹೋಗುವುದು ಚಿತ್ರವಲ್ಲ, ಬರಹ. "ಜಿ01 ಎಕ್ಸ್42.5 ವೈ-18.2 ಎಫ್400" ಎಂಬಂಥ ಒಂದೊಂದು ಸಾಲೂ ಒಂದೊಂದು ಆಜ್ಞೆ. ಉಳಿಯನ್ನು ಇಂಥ ಬಿಂದುವಿಗೆ ನೇರವಾಗಿ, ನಿಮಿಷಕ್ಕೆ 400 ಮಿಲಿಮೀಟರ್ ವೇಗದಲ್ಲಿ ಒಯ್ಯಿ ಎಂದು ಇದರ ಅರ್ಥ. ಸಾಮಾನ್ಯ ಬೋಲ್ಟು, ಬುಶ್ ತಯಾರಿಸಲು ಇಂಥ ಐವತ್ತು ಸಾಲು ಸಾಕು. ಆದರೆ ಬಾಗು ಬಳುಕುಗಳಿರುವ ಅಚ್ಚೊಂದನ್ನು ಕೊರೆಯಬೇಕಾದರೆ ಬಾಗನ್ನೆಲ್ಲ ಚಿಕ್ಕ ಚಿಕ್ಕ ಸರಳರೇಖೆಗಳಾಗಿ ಒಡೆಯಬೇಕು. ನಾವು ನೋಡಿದ್ದು ಪಂಪಿನ ಇಂಪೆಲ್ಲರ್ ಎರಕ ಹೊಯ್ಯಲು ಬೇಕಾದ ಅಚ್ಚು. ಅದರಲ್ಲಿ ಸುಮಾರು 40,000 ಸಾಲುಗಳಿದ್ದವು. ಸಾಲಿಗೆ ಸರಾಸರಿ 20 ಅಕ್ಷರ ಎಂದರೆ ಒಟ್ಟು 8 ಲಕ್ಷ ಅಕ್ಷರ.

ಈ ಬರಹ ಯಂತ್ರಕ್ಕೆ ಮೊದಲು ಹೋಗುತ್ತಿದ್ದುದು ಕಾಗದದ ಪಟ್ಟಿಯ ಮೇಲೆ. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಅಂಕೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದಾಗ ಆಜ್ಞೆಗಳಿದ್ದುದು ತೂತು ಹೊಡೆದ ಪಟ್ಟಿಯಲ್ಲಿ. ಮುಂದೆ ರೂಢಿಗೆ ಬಂದ ಪಟ್ಟಿಯ ಅಗಲ 1 ಅಂಗುಲ. ಉದ್ದಕ್ಕೆ ಅಂಗುಲಕ್ಕೆ 10 ಅಕ್ಷರ. ಕಾಗದ ಹೋದರೂ ಅದರ ಲೆಕ್ಕ ಹೋಗಲಿಲ್ಲ. ನಿಯಂತ್ರಕ ಪೆಟ್ಟಿಗೆಗಳ ಸ್ಮರಣಶಕ್ತಿಯನ್ನು ಬಹಳ ಕಾಲ ಮೀಟರಿನಲ್ಲೇ ಅಳೆದು ಮಾರುತ್ತಿದ್ದರು: 40 ಮೀಟರ್, 80 ಮೀಟರ್, 320 ಮೀಟರ್ ಎಂದು, ಬಟ್ಟೆ ಅಂಗಡಿಯ ಹಾಗೆ! ಒಂದು ಮೀಟರಿಗೆ ಸುಮಾರು 394 ಅಕ್ಷರ. ಆದ್ದರಿಂದ 40 ಮೀಟರ್ ಎಂದರೆ 15,700 ಅಕ್ಷರ. 320 ಮೀಟರ್ ಎಂದರೆ ಸುಮಾರು 1,26,000. ನಮ್ಮ ಅಚ್ಚಿನ 8 ಲಕ್ಷ ಅಕ್ಷರವನ್ನು ಪಟ್ಟಿಯ ಮೇಲೆ ಹೊಡೆದಿದ್ದರೆ ಅದರ ಉದ್ದ 2 ಕಿಲೋಮೀಟರ್ ದಾಟುತ್ತಿತ್ತು. 320 ಮೀಟರಿನ ಸ್ಮರಣೆಗೆ ಅದು ಹಿಡಿಯುವುದಿಲ್ಲ. ಹಾಗಾದರೆ ಕೆಲಸ ಮಾಡುವುದು ಹೇಗೆ?

ತಿಕೋಟಾ ಕಡೆಯ ದ್ರಾಕ್ಷಿ ತೋಟಗಳನ್ನು ನೋಡಿದವರಿಗೆ ಉತ್ತರ ಹೊಳೆಯಬೇಕು. ಬಳ್ಳಿಯ ಬುಡದಲ್ಲಿ ಇಡೀ ಹೊಂಡದ ನೀರು ನಿಲ್ಲಿಸಲು ಜಾಗವಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಹೊಂಡ ದೂರದಲ್ಲಿರುತ್ತದೆ, ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ನೀರು ಬರುತ್ತದೆ, ಬಂದದ್ದನ್ನು ಬಳ್ಳಿ ಕುಡಿಯುತ್ತದೆ. ಇಲ್ಲೂ ಹಾಗೆಯೇ. ಕಡತ ಗಣಕದಲ್ಲೇ ಇರುತ್ತದೆ. ಕೇಬಲ್ಲಿನಲ್ಲಿ ನಾಲ್ಕಾರು ಸಾಲು ಬರುತ್ತವೆ, ಯಂತ್ರ ಅವನ್ನು ಕೊರೆದು ಮುಗಿಸುತ್ತದೆ, ಮುಂದಿನವನ್ನು ಕೇಳುತ್ತದೆ. ಕಾರ್ಖಾನೆಯವರೂ ಇದನ್ನು ಡ್ರಿಪ್ ಫೀಡ್ ಎಂದೇ ಕರೆಯುತ್ತಾರೆ. ಹನಿ ಸಣ್ಣದಾದರೆ ಬಳ್ಳಿ ಒಣಗುತ್ತದೆ. ಇಲ್ಲಿ ಏನಾಗುತ್ತದೆ ಎಂಬುದಕ್ಕೆ ಮೊದಲು ತಂತಿಯೊಳಗೆ ಇಣುಕಬೇಕು.

ಒಂದು ಅಕ್ಷರವೆಂದರೆ ಏಳೆಂಟು ಬಿಟ್‌ಗಳ ಗುಂಪು. ಎಂಟು ತಂತಿ ಎಳೆದು ಎಂಟನ್ನೂ ಒಟ್ಟಿಗೆ ಕಳಿಸಬಹುದು. ತಂತಿ ಉದ್ದವಾದಂತೆ ಅದು ದುಬಾರಿ. ಎಂಟೂ ಒಂದೇ ಗಳಿಗೆಯಲ್ಲಿ ಮುಟ್ಟುತ್ತವೆಂಬ ಭರವಸೆಯೂ ಕಡಿಮೆ. ಇನ್ನೊಂದು ದಾರಿ, ಸಿದ್ಧೇಶ್ವರ ಜಾತ್ರೆಯಲ್ಲಿ ದರ್ಶನಕ್ಕೆ ನಿಲ್ಲುವಂತೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುವುದು. ಇದೇ ಸೀರಿಯಲ್ ಅಥವಾ ಸರಣಿ ಪದ್ಧತಿ. 1960ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಕಟ್ಟಳೆ ಬರೆದರು. ಆರ್.ಎಸ್.-232 ಎಂಬ ಅದರ ಹೆಸರನ್ನು ನೀವು ಈಗಲೂ ಹಳೆಯ ಯಂತ್ರಗಳ ಬೆನ್ನಿನ ಮೇಲೆ ಕಾಣಬಹುದು. 1969ರಲ್ಲಿ ಬಂದ ಅದರ "ಸಿ" ಆವೃತ್ತಿ ದಶಕಗಳ ಕಾಲ ಲೋಕವನ್ನಾಳಿತು.

ಅದರ ಭಾಷೆ ಸರಳ. ಸ್ವೀಕರಿಸುವ ತುದಿಯಲ್ಲಿ ತಂತಿಯ ಮೇಲೆ -3ರಿಂದ -15 ವೋಲ್ಟ್ ಇದ್ದರೆ ಅದು 1; +3ರಿಂದ +15 ವೋಲ್ಟ್ ಇದ್ದರೆ 0. ಋಣಕ್ಕೆ ಒಂದು, ಧನಕ್ಕೆ ಸೊನ್ನೆ! ತಲೆಕೆಳಗು ಅನ್ನಿಸುತ್ತದಲ್ಲವೇ? ಅಭ್ಯಾಸ ಮಾಡಿಕೊಳ್ಳಬೇಕು. -3 ಮತ್ತು +3ರ ನಡುವಿನದು ಯಾರದೂ ಅಲ್ಲದ ಜಾಗ. ಸಣ್ಣಪುಟ್ಟ ಗದ್ದಲ ಅಲ್ಲೇ ಬಿದ್ದು ಸಾಯಲಿ ಎಂದು ಬಿಟ್ಟದ್ದು.

ಇಂಗ್ಲಿಷಿನ ಎಕ್ಸ್ ಅಕ್ಷರದ ಸಂಕೇತ 88. ದ್ವಿಮಾನದಲ್ಲಿ ಅದು 1011000. ತಂತಿಯ ಮೇಲೆ ಇದು ಹೊರಡುವಾಗ ಮೊದಲು ಒಂದು 0 ಹೋಗುತ್ತದೆ. "ಎಚ್ಚರ, ಅಕ್ಷರ ಬಂತು" ಎಂದು ಹೇಳುವ ಆರಂಭದ ಬಿಟ್ ಅದು. ಆಮೇಲೆ ಬಲತುದಿಯಿಂದ ಒಂದೊಂದಾಗಿ 0, 0, 0, 1, 1, 0, 1. ನಂತರ ಕಾವಲಿನ ಬಿಟ್, ಅಂದರೆ ಪ್ಯಾರಿಟಿ. ಒಟ್ಟು 1ಗಳ ಸಂಖ್ಯೆ ಸಮವಾಗಿರಬೇಕೆಂಬ ಒಪ್ಪಂದವಿದ್ದರೆ, ಇಲ್ಲಿ ಮೂರು ಇರುವುದರಿಂದ ಕಾವಲಿನವನು ಇನ್ನೊಂದು 1 ಸೇರಿಸುತ್ತಾನೆ. ಕೊನೆಗೆ ನಿಲುಗಡೆಯ ಬಿಟ್ ಒಂದೋ ಎರಡೋ. ಹೀಗೆ ಏಳು ಬಿಟ್‌ಗಳ ಅಕ್ಷರ ಮುಟ್ಟಿಸಲು ತಂತಿಯ ಮೇಲೆ 10 ಅಥವಾ 11 ಬಿಟ್ ಓಡಬೇಕು. ಈ ವೆಚ್ಚವನ್ನು ಮರೆತವರ ಲೆಕ್ಕ ಯಾವಾಗಲೂ ತಪ್ಪುತ್ತದೆ.

ಗಮನಿಸಿ, ಗಡಿಯಾರದ ತಂತಿ ಎಂದು ಇಲ್ಲಿ ಬೇರೆ ಇಲ್ಲ. ಆರಂಭದ ಬಿಟ್ ಕಂಡ ಕೂಡಲೇ ಸ್ವೀಕರಿಸುವವನು ತನ್ನದೇ ಗಡಿಯಾರ ಹಚ್ಚಿ, ಪ್ರತಿ ಬಿಟ್‌ನ ನಟ್ಟನಡುವೆ ಒಮ್ಮೆ ನೋಡುತ್ತಾನೆ. ಎರಡೂ ತುದಿಗಳ ವೇಗ ಒಂದೇ ಇರಬೇಕೆನ್ನುವುದು ಇದಕ್ಕಾಗಿ. ಹತ್ತನೆಯ ಬಿಟ್ ನೋಡುವ ಹೊತ್ತಿಗೆ ಅರ್ಧ ಬಿಟ್‌ಗಿಂತ ಹೆಚ್ಚು ಜಾರಿದ್ದರೆ ಅವನು ನೋಡುವುದು ಪಕ್ಕದ ಬಿಟ್ಟನ್ನು. ಅಂದರೆ ಎರಡು ಗಡಿಯಾರಗಳ ನಡುವೆ ನೂರಕ್ಕೆ 5ರಷ್ಟು ವ್ಯತ್ಯಾಸವಾದರೆ ಆಟ ಮುಗಿಯಿತು. ಒಂದು ತುದಿಯಲ್ಲಿ 9600, ಇನ್ನೊಂದರಲ್ಲಿ 4800 ಇಟ್ಟರೆ ಪರದೆಯ ಮೇಲೆ ಬರುವುದು ಬರೀ ಗೀಚು.

ಈ 4800, 9600 ಎಂಬವನ್ನು ಬಾಡ್ ಎಂದು ಅಳೆಯುತ್ತಾರೆ. ಫ್ರಾನ್ಸಿನ ತಂತಿ ಇಲಾಖೆಯ ಎಂಜಿನಿಯರ್ ಎಮಿಲ್ ಬೋಡೋ ಅವರ ಹೆಸರಿನಿಂದ ಬಂದ ಮಾತು. ಒಂದು ಸೆಕೆಂಡಿನಲ್ಲಿ ತಂತಿಯ ಮೇಲಿನ ಸ್ಥಿತಿ ಎಷ್ಟು ಸಲ ಬದಲಾಗಬಲ್ಲದು ಎಂಬುದು ಇದರ ಅರ್ಥ. ನಮ್ಮ ಕೇಬಲ್ಲಿನಲ್ಲಿ ಅದು ಸೆಕೆಂಡಿಗೆ ಅಷ್ಟು ಬಿಟ್ ಎಂದಷ್ಟೇ ತಿಳಿದರೆ ಸಾಕು.

ಈಗ ಪತ್ರದ ಪ್ರಶ್ನೆಗೆ ಬರೋಣ. ಆ ಯಂತ್ರಶಾಲೆಯಲ್ಲಿ ಇಟ್ಟಿದ್ದ ವೇಗ 4800. ಅಕ್ಷರಕ್ಕೆ 11 ಬಿಟ್. ಭಾಗಿಸಿ ನೋಡಿ: ಸೆಕೆಂಡಿಗೆ 436 ಅಕ್ಷರ. 8 ಲಕ್ಷ ಅಕ್ಷರಕ್ಕೆ 1,834 ಸೆಕೆಂಡು, ಅಂದರೆ ಅರ್ಧ ಗಂಟೆಗಿಂತ ತುಸು ಹೆಚ್ಚು. ಸಾಲಿನ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 22 ಸಾಲು. ಒಂದೊಂದು ಸಾಲು ಉಳಿಯನ್ನು 0.1 ಮಿಲಿಮೀಟರ್ ಮಾತ್ರ ಸರಿಸುವುದಾದರೆ ಸೆಕೆಂಡಿಗೆ 2.2 ಮಿ.ಮೀ., ನಿಮಿಷಕ್ಕೆ 131 ಮಿ.ಮೀ. ಕಡತದಲ್ಲಿ 400 ಎಂದು ಬರೆದಿದ್ದರೂ ಯಂತ್ರ 131ಕ್ಕಿಂತ ವೇಗವಾಗಿ ಹೋಗಲಾರದು, ಏಕೆಂದರೆ ಮುಂದಿನ ಆಜ್ಞೆಯೇ ಬಂದಿರುವುದಿಲ್ಲ. ಯಂತ್ರ ಮುಗ್ಗರಿಸುತ್ತದೆ: ಒಂದು ಹೆಜ್ಜೆ, ಕಾಯುವುದು, ಇನ್ನೊಂದು ಹೆಜ್ಜೆ. ತಿರುಗುವ ಉಳಿ ನಿಂತಲ್ಲೇ ಉಕ್ಕನ್ನು ಉಜ್ಜಿ ಸಣ್ಣ ಗೆರೆ ಬಿಡುತ್ತದೆ. 9600 ಇಟ್ಟರೆ 262 ಮಿ.ಮೀ.; 19,200 ಇಟ್ಟರೆ 524. ಆಗ ಮಾತ್ರ ಕೇಬಲ್ಲು ಯಂತ್ರದ ಕೈ ಹಿಡಿಯುವುದು ನಿಲ್ಲುತ್ತದೆ.

ಹಾಗಾದರೆ ಆ ಹುಡುಗ 19,200 ಏಕೆ ಇಡಲಿಲ್ಲ? (ಹುಡುಗ ಎಂದೆ. ಯಂತ್ರಶಾಲೆಯ ಯಜಮಾನರ ಮಗ, ಐ.ಟಿ.ಐ. ಮುಗಿಸಿದವನು, ಹಳೆಯ ಯಂತ್ರವನ್ನು ಕೈಬದಲಿಯಲ್ಲಿ ತಂದು, ಕೇಬಲ್ಲನ್ನು ತಾನೇ ಬೆಸೆದುಕೊಂಡಿದ್ದ.) ನಾನೂ ಅದನ್ನೇ ಕೇಳಿದೆ. ಅವನು ಛಾವಣಿಯ ಕಬ್ಬಿಣದ ತೊಲೆಗಳತ್ತ ಬೆರಳು ತೋರಿಸಿದ. ಕಚೇರಿಯ ಗಣಕದಿಂದ ಯಂತ್ರದವರೆಗೆ ಕೇಬಲ್ಲಿನ ಉದ್ದ 28 ಮೀಟರ್. ಕಟ್ಟಳೆಯ ಹಳೆಯ ಆವೃತ್ತಿ ಹೇಳುವ ಮಿತಿ 15 ಮೀಟರ್. "ಒಂಬತ್ತ ಸಾವಿರದ ಆರನೂರಕ್ಕ ಇಟ್ರ ದಿನಕ್ಕ ಎರಡ ಸಲ ನಿಂದರತೈತ್ರಿ ಸರ. ಇದಕ್ಕ ಇಟ್ರ ನಿಂದರೂದಿಲ್ಲ" ಎಂದ.

ಅಂದು ಅದೂ ನಿಂತಿತು. ಕಾರಣ ನಾವು. ಚಿತ್ರೀಕರಣಕ್ಕೆ 800 ವಾಟ್‌ನ ಎರಡು ಹ್ಯಾಲೊಜೆನ್ ದೀಪ ಒಯ್ದಿದ್ದೆವು. ಬೆಳಕು ತಗ್ಗಿಸಲು ಡಿಮ್ಮರ್ ಇತ್ತು. ನಮ್ಮ ದೀಪದವರು ವೈರು ಕಾಲಿಗೆ ತೊಡರದಿರಲೆಂದು ಅದನ್ನು ಅವನ ಕೇಬಲ್ಲಿನ ಗುಂಟವೇ, ಅದೇ ಕೊಕ್ಕೆಗಳಿಗೆ ಸಿಕ್ಕಿಸಿ ಹತ್ತು ಮೀಟರ್ ಎಳೆದರು. ಅಚ್ಚಿನ ಕೆಲಸ ಮುಕ್ಕಾಲು ಮುಗಿದಿತ್ತು. ದೀಪ ಹಚ್ಚಿ ಡಿಮ್ಮರ್ ತಿರುಗಿಸಿದ ಕ್ಷಣ ಯಂತ್ರದ ಪರದೆಯ ಮೇಲೆ ಪ್ಯಾರಿಟಿ ದೋಷ ಎಂದು ಬಂತು, ಉಳಿ ಉಕ್ಕಿನ ಮೇಲೇ ನಿಂತಿತು. "ನಿಮ್ಮ ಲೈಟ್ ಬಂದ್ ಮಾಡ್ರಿ ಸರ, ಮದಲ ಲೈಟ್ ಬಂದ್ ಮಾಡ್ರಿ" ಎಂದು ಅವನು ಕೂಗಿದ್ದು ನಮ್ಮ ಧ್ವನಿಮುದ್ರಣದಲ್ಲಿ ಈಗಲೂ ಇದೆ. ಅಚ್ಚಿನ ಮೇಲೆ ಕೂದಲೆಳೆಯಷ್ಟು ಗುರುತು ಬಿತ್ತು. ಯಜಮಾನರು ನಮಗೆ ಚಹಾ ತರಿಸಿದರು. ಮಗ ಎರಡು ಗಂಟೆ ಕೈಯಲ್ಲೇ ಉಜ್ಜಿ ಅದನ್ನು ತೆಗೆದ. ನೀವು ಟಿ.ವಿ.ಯಲ್ಲಿ ನೋಡಿದ ದೃಶ್ಯಗಳು ಆಮೇಲೆ ಬಾಗಿಲಿನ ಬೆಳಕಿನಲ್ಲಿ ತೆಗೆದವು.

ಡಿಮ್ಮರ್ ಪರ್ಯಾಯ ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸುತ್ತದೆ. ಕತ್ತರಿಸಿದ ಪ್ರತಿ ಅಂಚೂ ಒಂದು ಹಠಾತ್ ಜಿಗಿತ. ಪಕ್ಕದಲ್ಲೇ ಉದ್ದಕ್ಕೂ ಮಲಗಿದ ತಂತಿಗೆ ಆ ಜಿಗಿತ ಹಾರುತ್ತದೆ. ವೆಲ್ಡಿಂಗ್ ಯಂತ್ರ, ದೊಡ್ಡ ಮೋಟಾರಿನ ಕಾಂಟ್ಯಾಕ್ಟರ್, ಮೋಟಾರಿನ ವೇಗ ಬದಲಿಸುವ ಡ್ರೈವ್ ಇವೆಲ್ಲ ಇದೇ ಜಾತಿಯವು.

ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಅಂದು ಕೆಟ್ಟದ್ದನ್ನು ಕಾವಲಿನ ಬಿಟ್ ಹಿಡಿಯಿತು. ಆದರೆ ಅವನು ಒಂದು ಬಿಟ್ ಬದಲಾದರೆ ಹಿಡಿಯುತ್ತಾನೆ, ಎರಡು ಬದಲಾದರೆ ಹಿಡಿಯಲಾರ; ಸಮಸಂಖ್ಯೆ ಸಮವಾಗಿಯೇ ಉಳಿಯುತ್ತದೆ. 5ರ ಸಂಕೇತ 0110101, 3ರ ಸಂಕೇತ 0110011. ನಡುವಿನ ಎರಡು ಬಿಟ್ ಅದಲು ಬದಲಾದರೆ 5 ಹೋಗಿ 3 ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೂ ಕೆಟ್ಟದ್ದಿದೆ. ಕಳೆಯುವ ಚಿಹ್ನೆ 0101101, ದಶಮಾಂಶದ ಚುಕ್ಕೆ 0101110. ಕೊನೆಯ ಎರಡು ಬಿಟ್ ತಿರುಗಿದರೆ ಋಣಚಿಹ್ನೆ ಚುಕ್ಕೆಯಾಗುತ್ತದೆ. ಮೇಲಕ್ಕೆ ಹೋಗಬೇಕಾದದ್ದು ಎಲ್ಲಿಗೆ ಹೋದೀತು ಎಂದು ಊಹಿಸಿ. ಹೀಗಾಗಿ ಸ್ಮರಣೆಗೆ ತುಂಬಿದ ಕಾರ್ಯಕ್ರಮವನ್ನು ಮತ್ತೆ ಗಣಕಕ್ಕೆ ವಾಪಸು ತರಿಸಿಕೊಂಡು ಮೂಲದೊಡನೆ ಹೋಲಿಸಿ ನೋಡುವವರು ಜಾಣರು. ಮೊದಲ ಸಲ ಕತ್ತರಿಸದೆ ಗಾಳಿಯಲ್ಲಿ ಓಡಿಸಿ ನೋಡುವವರು ಅವರಿಗಿಂತ ಜಾಣರು.

ಕೇಬಲ್ಲಿನ ಮಾತು

ವಿಜಯಪುರದವರಿಗೆ ಪ್ರತಿಧ್ವನಿಯ ಪಾಠ ಹೇಳಬೇಕಾಗಿಲ್ಲ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದು ಬದಿಯ ಪಿಸುಮಾತು ಇನ್ನೊಂದು ಬದಿಗೆ ನೇರ ಹೋಗಲು ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಸಮಯ ಬೇಕು. ಅಲ್ಲಿ ಬೇಗಬೇಗ ಮಾತಾಡಿದರೆ ಹಿಂದಿನ ಮಾತಿನ ಮರುದನಿ ಮುಂದಿನದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಕೇಬಲ್ಲಿನಲ್ಲೂ ಸಂಕೇತ ತುದಿ ತಾಗಿ ಮರಳುತ್ತದೆ, ಆದ್ದರಿಂದಲೇ ಉದ್ದ ಕೇಬಲ್ ಕೆಡುತ್ತದೆ ಎಂದು ಕೆಲವರು ಪಾಠ ಹೇಳುವುದನ್ನು ಕೇಳಿದ್ದೇನೆ. ಲೆಕ್ಕ ಹಾಕಿದರೆ ಈ ವೇಗಗಳಲ್ಲಿ ಅದು ನಿಲ್ಲುವುದಿಲ್ಲ. ಸಂಕೇತ ತಂತಿಯಲ್ಲಿ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ಓಡುತ್ತದೆ. 28 ಮೀಟರ್ ಹೋಗಿ ಬರಲು ಸೆಕೆಂಡಿನ ಕೋಟಿಯಲ್ಲಿ ಮೂರು ಭಾಗವೂ ಬೇಡ. 9600 ಬಾಡ್‌ನಲ್ಲಿ ಒಂದು ಬಿಟ್‌ನ ಆಯುಸ್ಸು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. ಬಿಟ್‌ನ ಬಾಯಿ ಮುಚ್ಚುವ ಮೊದಲೇ ಮರುದನಿಗಳೆಲ್ಲ ಹುಟ್ಟಿ ಸತ್ತಿರುತ್ತವೆ. ಸೆಕೆಂಡಿಗೆ ಲಕ್ಷಾಂತರ ಬಿಟ್ ಓಡುವ ಉದ್ದ ತಂತಿಗಳಲ್ಲಿ ಗುಮ್ಮಟದ ಹೋಲಿಕೆ ಸರಿಯಾಗುತ್ತದೆ. ಅಲ್ಲಿ ತುದಿಗೆ 120 ಓಮ್‌ನ ರೋಧಕ ಕಟ್ಟಿ ಮರುದನಿಯನ್ನು ನುಂಗಿಸುತ್ತಾರೆ.

ನಮ್ಮ ಕೇಬಲ್ಲಿನ ತೊಂದರೆ ಬೇರೆ. ಅಕ್ಕಪಕ್ಕದ ಎರಡು ತಂತಿಗಳು ಸೇರಿ ಒಂದು ಸಣ್ಣ ಧಾರಕವಾಗುತ್ತವೆ. ಪ್ರತಿ ಸಲ ವೋಲ್ಟೇಜ್ ಬದಲಾದಾಗಲೂ ಆ ಕೊಡ ತುಂಬಬೇಕು, ಬರಿದಾಗಬೇಕು. ಕೊಡ ದೊಡ್ಡದಾದಷ್ಟೂ ಸಂಕೇತದ ಚೂಪು ಅಂಚುಗಳು ಮೊಂಡಾಗುತ್ತವೆ. ಆದ್ದರಿಂದ ಕಟ್ಟಳೆಯ ಈಚಿನ ಆವೃತ್ತಿಗಳು ಮೀಟರಿನ ಮಾತು ಬಿಟ್ಟು 2,500 ಪಿಕೋಫ್ಯಾರಡ್ ದಾಟಬಾರದು ಎನ್ನುತ್ತವೆ. ಮೀಟರಿಗೆ 100 ಪಿಕೋಫ್ಯಾರಡ್‌ನ ಸಾಧಾರಣ ಕೇಬಲ್ಲಾದರೆ ಅದು 25 ಮೀಟರ್. ಒಳ್ಳೆಯದಾದರೆ ಇನ್ನೂ ದೂರ. ನಿಧಾನ ವೇಗದಲ್ಲಿ ತುಸು ಮೀರಿದರೂ ನಡೆಯುತ್ತದೆ. ಹುಡುಗನ ಅನುಭವ ಹೇಳಿದ್ದೂ ಇದನ್ನೇ. ನನ್ನನ್ನು ಕೇಳಿದರೆ ಹಾಳುಮಾಡುವುದು ಉದ್ದಕ್ಕಿಂತ ಹೆಚ್ಚಾಗಿ ಹಾದಿ. ಲೋಹದ ಹೆಣಿಗೆಯ ಕವಚವಿರುವ ಕೇಬಲ್ ಬಳಸಿ, ಕವಚವನ್ನು ಒಂದೇ ತುದಿಯಲ್ಲಿ ಅರ್ಥಿಂಗ್‌ಗೆ ಸೇರಿಸಿ, ಮೋಟಾರಿನ ವೈರುಗಳಿಂದ ದೂರವಿಡಿ. ದಾಟಲೇಬೇಕಾದರೆ ಅಡ್ಡಕ್ಕೆ, ಲಂಬಕೋನದಲ್ಲಿ ದಾಟಿಸಿ.

ಬೆಸೆಯುವವರು ಎಡವುವ ಒಂದು ಜಾಗವಿದೆ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಸೇರಬೇಕು. ಆದ್ದರಿಂದ ಕಳಿಸುವ ತಂತಿ, ಪಡೆಯುವ ತಂತಿ ಅಡ್ಡಹಾಯಬೇಕು ಎಂದು ಪುಸ್ತಕ ಹೇಳುತ್ತದೆ. ಎರಡೂ ಕಡೆ 25 ಪಿನ್ನಿನ ಕೊಂಡಿ ಇದ್ದರೆ 2ಕ್ಕೆ 3, 3ಕ್ಕೆ 2, 7ಕ್ಕೆ 7. ಸರಿ. ಆದರೆ ಗಣಕದ 9 ಪಿನ್ನಿನ ಕೊಂಡಿಯಲ್ಲಿ 2 ಕಿವಿ, 3 ಬಾಯಿ. ಯಂತ್ರದ 25 ಪಿನ್ನಿನಲ್ಲಿ 2 ಬಾಯಿ, 3 ಕಿವಿ. ಇವೆರಡರ ನಡುವೆ 2ಕ್ಕೆ 2, 3ಕ್ಕೆ 3, ಗಣಕದ 5ಕ್ಕೆ ಯಂತ್ರದ 7. ಪುಸ್ತಕ ನಂಬಿ ಇಲ್ಲೂ ಅಡ್ಡಹಾಯಿಸಿದವರ ಯಂತ್ರ ಮೂಕವಾಗುತ್ತದೆ. "ಸಿದ್ಧವೇ?", "ಸಿದ್ಧ" ಎಂದು ಕೇಳಿ ಹೇಳುವ ಉಳಿದ ಪಿನ್ನುಗಳನ್ನು ಅಲ್ಲಲ್ಲೇ ಗಂಟು ಹಾಕುತ್ತಾರೆ: ಯಂತ್ರದ ಕಡೆ 4 ಮತ್ತು 5 ಒಟ್ಟಿಗೆ, 6, 8, 20 ಒಟ್ಟಿಗೆ, ಗಣಕದ ಕಡೆ 7 ಮತ್ತು 8, ಹಾಗೆಯೇ 1, 4, 6. ಕೆಲವು ನಿಯಂತ್ರಕಗಳ 25ನೇ ಪಿನ್ನಿನಲ್ಲಿ 24 ವೋಲ್ಟ್ ಇರುತ್ತದೆ. ಅದನ್ನು ಮುಟ್ಟಬೇಡಿ.

ಹೀಗೆ ಗಂಟು ಹಾಕಿದ ಮೇಲೆ "ಸಾಕು, ನಿಲ್ಲಿಸು" ಎಂದು ಯಂತ್ರ ಹೇಳುವುದು ಹೇಗೆ? ಅದೇ ತಂತಿಯಲ್ಲಿ ಒಂದು ಗುಪ್ತ ಅಕ್ಷರ ಕಳಿಸಿ. ಸಂಕೇತ 19 ಬಂದರೆ ಗಣಕ ನಿಲ್ಲಿಸಬೇಕು, 17 ಬಂದರೆ ಮುಂದುವರಿಸಬೇಕು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಕೊಂಡಿ ಮಾಯವಾಗಿ, ಯು.ಎಸ್.ಬಿ.ಯಿಂದ ಪರಿವರ್ತಿಸುವ ತುಂಡು ಕೇಬಲ್ ಬಂದಿದೆ. ತೊಂದರೆ ಎಂದರೆ ಆ ತುಂಡಿನ ಹೊಟ್ಟೆಯಲ್ಲೂ ಒಂದಿಷ್ಟು ಅಕ್ಷರ ತುಂಬಿಕೊಂಡಿರುತ್ತದೆ. ಯಂತ್ರ ಸಾಕೆಂದ ಮೇಲೂ ಅದು ಹೊಟ್ಟೆಯಲ್ಲಿದ್ದದ್ದನ್ನು ಉಗುಳುತ್ತಲೇ ಇರುತ್ತದೆ; ಹಳೆಯ ನಿಯಂತ್ರಕದ ಸಣ್ಣ ಬಟ್ಟಲು ತುಂಬಿ ಚೆಲ್ಲುತ್ತದೆ, ಸಾಲುಗಳು ಕಳೆದುಹೋಗುತ್ತವೆ. ಗಣಕದ ವ್ಯವಸ್ಥೆಯಲ್ಲಿ ಆ ಹೊಟ್ಟೆಯ ಅಳತೆಯನ್ನು ಕನಿಷ್ಠಕ್ಕೆ ಇಳಿಸಿದರೆ ಎಷ್ಟೋ ಸಲ ಗುಣವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಲ್ಯಾಪ್‌ಟಾಪಿನ ಚಾರ್ಜರು ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿದ್ದರೆ ಅದರ ಲೋಹದ ಭಾಗಗಳ ಮೇಲೆ ಬೆರಳಿಗೆ ಜುಂ ಎನ್ನುವಷ್ಟು ವೋಲ್ಟೇಜ್ ತೇಲುತ್ತಿರುತ್ತದೆ. ಯಂತ್ರ ಚಾಲೂ ಇರುವಾಗ ಕೇಬಲ್ ಸಿಕ್ಕಿಸಿದರೆ ಅದು ಮೊದಲು ತಾಗಿದ ಪಿನ್ನಿನ ಮೂಲಕ ಇಳಿದು ನಿಯಂತ್ರಕದ ಚಿಪ್ಪನ್ನು ಸುಡಬಲ್ಲದು. ಎರಡನ್ನೂ ಬಂದ್ ಮಾಡಿ ಸಿಕ್ಕಿಸಿ, ಇಲ್ಲವೇ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ.

ಹೊಸ ಯಂತ್ರಗಳು ಮೆಮೊರಿ ಕಾರ್ಡು, ಪೆನ್‌ಡ್ರೈವ್, ಈಥರ್‌ನೆಟ್ ತಂತಿಗಳಿಂದ ಕಡತ ಪಡೆಯುತ್ತವೆ. ಅವುಗಳಿಗೆ ಈ ಪಡಿಪಾಟಲಿಲ್ಲ. ಆದರೆ ಯಂತ್ರದ ಉಕ್ಕು, ತಿರುಪುಗಳು ಮೂವತ್ತು ವರ್ಷ ಬಾಳುತ್ತವೆ. ದೊಡ್ಡ ಕಾರ್ಖಾನೆ ಬಿಟ್ಟ ಯಂತ್ರ ಜಿಲ್ಲಾ ಕೇಂದ್ರದ ಪುಟ್ಟ ಶೆಡ್ಡಿಗೆ ಬಂದು ಇನ್ನೊಂದು ಜನ್ಮ ಪಡೆಯುತ್ತದೆ. ಆಗ ಅದರ ಕೇಬಲ್ ಬೆಸೆಯಬಲ್ಲ ಕೈ ಊರಲ್ಲೇ ಇದ್ದರೆ ಸಂಜೆಯೊಳಗೆ ಯಂತ್ರ ತಿರುಗುತ್ತದೆ. ಇಲ್ಲದಿದ್ದರೆ ಬೆಂಗಳೂರಿನಿಂದಲೋ ಪುಣೆಯಿಂದಲೋ ತಂತ್ರಜ್ಞರು ಬರುವವರೆಗೆ ನಿಂತಿರುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಡಿಪ್ಲೊಮಾ, ಐ.ಟಿ.ಐ. ಓದುತ್ತಿರುವವರು ಇದನ್ನು ಹಳೆಯ ಕಾಲದ ವಿದ್ಯೆ ಎಂದು ತಳ್ಳಿಹಾಕುವ ಮೊದಲು ನಿಮ್ಮೂರಿನ ಯಂತ್ರಶಾಲೆಗಳ ಬೆನ್ನು ನೋಡಿ ಬನ್ನಿ.

ಪತ್ರ ಬರೆದ ಮಿತ್ರರಿಗೆ ಇನ್ನೊಂದು ಮಾತು. ಆ ಯಂತ್ರಶಾಲೆಯಲ್ಲಿ ಈಗ ಹಳೆಯ ಲ್ಯಾಪ್‌ಟಾಪೊಂದನ್ನು ಯಂತ್ರದ ಪಕ್ಕದಲ್ಲೇ, 3 ಮೀಟರ್ ಕೇಬಲ್ಲಿನಲ್ಲಿ ಇಟ್ಟಿದ್ದಾರಂತೆ. ವೇಗ 19,200, ಅದೇ ಅಚ್ಚು ಹತ್ತು ನಿಮಿಷದಲ್ಲಿ ಮುಗಿಯುತ್ತದಂತೆ. ನಿಮ್ಮ ಪ್ರಯೋಗಾಲಯದಲ್ಲಿ ಯಂತ್ರ ಇಲ್ಲದಿದ್ದರೂ ಇಷ್ಟು ಮಾಡಿ ನೋಡಬಹುದು. ಯು.ಎಸ್.ಬಿ. ಪರಿವರ್ತಕದ 9 ಪಿನ್ನಿನ ಕೊಂಡಿಯಲ್ಲಿ 3 ಮತ್ತು 5ರ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಏನೂ ಕಳಿಸದಿರುವಾಗ -5ರಿಂದ -12 ವೋಲ್ಟ್ ನಡುವೆ ಎಲ್ಲೋ ಮುಳ್ಳು ನಿಲ್ಲುತ್ತದೆ. ಮೌನವೂ 1 ಎಂಬುದು ಕಣ್ಣಿಗೆ ಕಾಣುತ್ತದೆ. ಆಮೇಲೆ 2 ಮತ್ತು 3ನ್ನು ಒಂದು ಚಿಕ್ಕ ತಂತಿಯಿಂದ ಸೇರಿಸಿ, ಗಣಕದಲ್ಲಿ ಯಾವುದಾದರೂ ಟರ್ಮಿನಲ್ ತಂತ್ರಾಂಶ ತೆರೆದು ನಿಮ್ಮ ಹೆಸರು ಟೈಪು ಮಾಡಿ. ಬಾಯಿಯಿಂದ ಹೊರಟದ್ದು ಕಿವಿಗೆ ಬಂದು ಪರದೆಯ ಮೇಲೆ ಮೂಡುತ್ತದೆ. ಈಗ ವೇಗವನ್ನು 300ಕ್ಕೆ ಇಳಿಸಿ, ಉದ್ದನೆಯ ಪುಟವೊಂದನ್ನು ಕಳಿಸಿ, ಅಕ್ಷರಗಳು ಒಂದೊಂದಾಗಿ ಬರುವುದನ್ನು ಕೂತು ನೋಡಿ.